ತಿದಿಯ ಉಸಿರು, ಕಾಲಡಿಯ ಅಲೆ

ನೀಲಗಿರಿಯ ಕೋಟರ ಮಾತಿನಲ್ಲಿ ಕುಲುಮೆಗೂ ಗುಡಿಗೂ ಒಂದೇ ಪದ: ಕೊಲೇಲ್. ಬರೋ ಮತ್ತು ಎಮೆನೊ 1961ರಲ್ಲಿ ಹೊರತಂದ ದ್ರಾವಿಡ ನಿಷ್ಪತ್ತಿ ಕೋಶದಲ್ಲಿ ಈ ಪದ ನಮ್ಮ ಕುಲುಮೆ, ಕೊಲಿಮೆಗಳ ಸಾಲಿನಲ್ಲೇ ಇದೆ. ಕಬ್ಬಿಣ ಕಾಸುವ ಜಾಗಕ್ಕೂ ದೇವರ ಜಾಗಕ್ಕೂ ಒಂದೇ ಹೆಸರಿಟ್ಟುಕೊಂಡ ಆ ಜನ ಬೆಟ್ಟದ ಕಮ್ಮಾರರು, ಕುಂಬಾರರು, ಮರಗೆಲಸದವರು. ಜತೆಗೆ ಸುತ್ತಲಿನ ಬಡಗರಿಗೂ ತೊದವರಿಗೂ ಸಾವಿನ ಹೊತ್ತಿನಲ್ಲಿ ವಾದ್ಯ ನುಡಿಸುತ್ತಿದ್ದವರು. ಅವರ ವಾದ್ಯಗಳ ಹೆಸರು ಕನ್ನಡದ ಕಿವಿಗೆ ಪರಕೀಯವಾಗಿ ಕೇಳುವುದಿಲ್ಲ. ಕೊಳ್ ಎಂಬುದು ಹೆಸರಿನಲ್ಲಿ ನಮ್ಮ ಕೊಳಲಿನ ನೆಂಟ, ಆದರೆ ನುಡಿಸುವ ಬಗೆಯಲ್ಲಿ ವಾಲಗದವರ ಹಾಗೆ ಪೀಪಿ ಬಾಯಲ್ಲಿಟ್ಟು ಊದುವಂಥದು. ಕೊಬ್ ನಮ್ಮ ಕೊಂಬು, ತಬಟ್ಕ್ ನಮ್ಮ ತಮಟೆ. ಏಳು ಊರುಗಳಲ್ಲಿ ಹಂಚಿಹೋಗಿರುವ ಈ ಸಣ್ಣ ಸಮುದಾಯದ ಒಂದು ಊರು ಗೂಡಲೂರಿನ ಬಳಿ ಇದೆ, ಉಳಿದವು ಮೇಲಿನ ಬೆಟ್ಟದಲ್ಲಿ. ಕುಲುಮೆಯ ತಿದಿಗೂ ಕೊಳ್‌ಗೂ ಬೇಕಾದ್ದು ಗಾಳಿಯೇ, ಆ ಗಾಳಿ ಎರಡರಲ್ಲೂ ಒಂದೇ ಸಮನಾಗಿ ಹರಿಯುವುದಿಲ್ಲ. ಅದು ಏರುತ್ತದೆ, ಇಳಿಯುತ್ತದೆ. ಎಲೆಕ್ಟ್ರಿಕ್ ಗಿಟಾರಿಗೆ ಜೋಡಿಸಿ ಕಾಲಲ್ಲಿ ಒತ್ತುವ ಟ್ರೆಮೊಲೊ ಪೆಡಲಿನ ಕತೆಯನ್ನು ಅಮೆರಿಕದ ಕಾರ್ಖಾನೆಯೊಂದರಿಂದ ಆರಂಭಿಸುವುದು ರೂಢಿ. ಅದನ್ನು ಈ ಏರಿಳಿತದಿಂದಲೇ ಆರಂಭಿಸಬೇಕು ಎಂಬುದು ಇಲ್ಲಿನ ವಾದ.

ಟ್ರೆಮೊಲೊ ಮಾಡುವ ಕೆಲಸ ಸರಳ. ತಂತಿಯಿಂದ ಬಂದ ದನಿಯನ್ನು ಅದು ಜೋರು ಮಾಡುತ್ತದೆ, ಮೆಲ್ಲಗೆ ಮಾಡುತ್ತದೆ, ಮತ್ತೆ ಜೋರು ಮಾಡುತ್ತದೆ. ಕಾಣದ ಕೈಯೊಂದು ರೇಡಿಯೊದ ವಾಲ್ಯೂಮ್ ಗುಂಡಿಯನ್ನು ಬಿಡದೆ ಅತ್ತಿತ್ತ ತಿರುಗಿಸುತ್ತಿದ್ದರೆ ಹೇಗಿರುತ್ತದೋ ಹಾಗೆ. ಷಡ್ಜ ನುಡಿಸಿದರೆ ಷಡ್ಜವೇ ಉಳಿಯುತ್ತದೆ, ಅದರ ಶ್ರುತಿ ಕೂದಲೆಳೆಯಷ್ಟೂ ಕದಲುವುದಿಲ್ಲ. ಕದಲುವುದು ಅದರ ಬಲ ಮಾತ್ರ. ಸೆಕೆಂಡಿಗೆ ಸುಮಾರು ಎರಡರಿಂದ ಹತ್ತು ಅಲೆಗಳು ಇದರ ಸಾಮಾನ್ಯ ವ್ಯಾಪ್ತಿ. ಜಪಾನಿನ ಬಾಸ್ ಕಂಪನಿ 1997ರಲ್ಲಿ ತಂದ, ಇಂದಿಗೂ ಎಲ್ಲೆಡೆ ಸಿಗುವ ಟಿಆರ್-2 ಪೆಡಲಿನಲ್ಲಿ ಮೂರೇ ಗುಂಡಿಗಳಿವೆ. ರೇಟ್ ಎಂಬುದು ಅಲೆಯ ವೇಗ, ಡೆಪ್ತ್ ಎಂಬುದು ಅಲೆಯ ಆಳ, ವೇವ್ ಎಂಬುದು ಅಲೆಯ ಆಕಾರ: ಒಂದು ತುದಿಯಲ್ಲಿ ಇಳಿಜಾರಿನಂತೆ ಜಾರುವ ಅಲೆ, ಇನ್ನೊಂದು ತುದಿಯಲ್ಲಿ ಬಾಗಿಲು ತೆಗೆದು ಮುಚ್ಚಿದಂತೆ ಕಡಿದು ಕಡಿದು ಬರುವ ಅಲೆ. ಟ್ರೆಮೊಲೊದ ಸೋದರನೆಂದು ತಪ್ಪಾಗಿ ಎಣಿಸುವ ವೈಬ್ರಾಟೊ ಬೇರೆಯೇ ಜಾತಿಯದು. ಅದು ಶ್ರುತಿಯನ್ನೇ ಮೇಲೆ ಕೆಳಗೆ ಅಲುಗಿಸುತ್ತದೆ. ಇವೆರಡನ್ನು ಕಲಸಿದವರಲ್ಲಿ ಗಿಟಾರಿನ ಲೋಕದ ದೊಡ್ಡ ಹೆಸರಾದ ಲಿಯೊ ಫೆಂಡರ್ ಮುಖ್ಯ. 1954ರ ಸ್ಟ್ರಾಟೊಕಾಸ್ಟರ್ ಗಿಟಾರಿಗೆ ಶ್ರುತಿ ಬಗ್ಗಿಸುವ ಸರಳೊಂದನ್ನು ಹಾಕಿ ಅದಕ್ಕೆ ಟ್ರೆಮೊಲೊ ಎಂದು ಹೆಸರಿಟ್ಟರು. ಮುಂದೆ ದನಿಯ ಬಲವನ್ನು ಅಲೆಯಾಗಿಸುವ ಆಂಪ್ಲಿಫೈಯರುಗಳಿಗೆ ವೈಬ್ರಾಟೊ ಎಂದು ಬರೆದರು. ಎಪ್ಪತ್ತು ವರ್ಷ ಕಳೆದರೂ ಆ ಅದಲುಬದಲು ಹಾಗೇ ಉಳಿದಿದೆ.

ಈ ಕಲಬೆರಕೆ ಬರೀ ಹೆಸರಿನದಾಗಿದ್ದರೆ ಬಿಡಬಹುದಿತ್ತು. ನಮ್ಮಲ್ಲಿ ಅದು ತೀರ್ಪಿನ ಗೊಂದಲವೂ ಆಗಿದೆ. ಕರ್ನಾಟಕ ಸಂಗೀತ ಬಲ್ಲವರು ಟ್ರೆಮೊಲೊ ಕೇಳಿದ ಕೂಡಲೇ ಅದನ್ನು ಗಮಕದ ಪಕ್ಕದಲ್ಲಿಟ್ಟು ತೂಗುತ್ತಾರೆ. ವೀಣೆಯ ಮೆಟ್ಟಿಲ ಮೇಲೆ ಬೆರಳು ತಂತಿಯನ್ನೆಳೆದು ತರುವ ಕಂಪಿತವೆಲ್ಲಿ, ಯಂತ್ರ ತರುವ ಈ ನಡುಕವೆಲ್ಲಿ ಎಂದು ಕೇಳುತ್ತಾರೆ. ಹೀಗೆ ಕೇಳಿದರೆ ಉತ್ತರ ಮೊದಲೇ ತೀರ್ಮಾನವಾಗಿಬಿಡುತ್ತದೆ, ಏಕೆಂದರೆ ಶ್ರುತಿಯನ್ನೇ ಮುಟ್ಟದ ಒಂದು ಸಾಧನ ಗಮಕದ ಪರೀಕ್ಷೆಯಲ್ಲಿ ಪಾಸಾಗುವುದು ಸಾಧ್ಯವೇ ಇಲ್ಲ. ಆದರೆ ಗಮಕದ ಶಾಸ್ತ್ರವನ್ನೇ ಸ್ವಲ್ಪ ಹತ್ತಿರದಿಂದ ನೋಡಿದರೆ ಇನ್ನೊಂದು ದಾರಿ ಕಾಣುತ್ತದೆ. 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಗಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ ತನ್ನ ಸಂಗೀತರತ್ನಾಕರದಲ್ಲಿ 15 ಗಮಕಗಳನ್ನು ಹೇಳುತ್ತಾನೆ. ಅವುಗಳಲ್ಲಿ ಹಲವನ್ನು ಆತ ಬೇರ್ಪಡಿಸುವುದು ಕಂಪನಕ್ಕೆ ಹಿಡಿಯುವ ಕಾಲದಿಂದ. ದ್ರುತದ ನಾಲ್ಕನೆಯ ಒಂದು ಭಾಗದಲ್ಲಿ ಅಲುಗಿದರೆ ತಿರಿಪ, ಮೂರನೆಯ ಒಂದು ಭಾಗದಲ್ಲಿ ಸ್ಫುರಿತ, ಅರ್ಧ ದ್ರುತದಲ್ಲಿ ಕಂಪಿತ, ಪೂರ್ತಿ ದ್ರುತದಲ್ಲಿ ಲೀನ, ಲಘುವಿನ ಅಳತೆಯಲ್ಲಿ ಆಂದೋಲಿತ, ಪ್ಲುತದ ಅಳತೆಯಲ್ಲಿ ಪ್ಲಾವಿತ. ದ್ರುತ, ಲಘು, ಪ್ಲುತ ಎಂಬುವು ತಾಳದ ಅಳತೆಗೋಲುಗಳು. ಅಂದರೆ ಅಲುಗುವುದು ಸ್ವರವೇ ಆದರೂ ಅಲುಗಾಟಕ್ಕೆ ಹೆಸರು ಕೊಡುವುದು ಲಯ. ಟ್ರೆಮೊಲೊದಲ್ಲಿ ಸ್ವರ ಪೂರ್ತಿ ಪಕ್ಕಕ್ಕೆ ಸರಿದು ಲಯವೊಂದೇ ಉಳಿಯುತ್ತದೆ. ಅದನ್ನು ಅಳೆಯಬೇಕಾದ್ದು ಗಾಯಕನ ಕಂಠದೊಂದಿಗೆ ಅಲ್ಲ, ಮೃದಂಗದ ಕೈಯೊಂದಿಗೆ. ಅದು ಸ್ವರದ ಒಡವೆಯಲ್ಲ, ತಾಳವಾದ್ಯದ ಪೈಕಿ.

ಈ ಮಾತಿಗೆ ಮೊದಲ ಸಾಕ್ಷಿ ಕೋಟರ ಕೊಳ್. ಇಬ್ಬರು ಜತೆಗೂಡಿ ಊದಿದಾಗ ಎರಡು ಪೀಪಿಗಳು, ಎರಡು ಎದೆಗಳು, ಎರಡು ಉಸಿರುಗಳು ಒಂದೇ ಸ್ವರದ ಮೇಲೆ ನಿಲ್ಲಲು ನೋಡುತ್ತವೆ, ಆದರೆ ಎರಡು ಶ್ರುತಿಗಳು ಪೂರ್ತಿ ಒಂದಾಗುವುದು ಬಹಳ ಅಪರೂಪ. ಒಂದು ಸೆಕೆಂಡಿಗೆ 440 ಸಲ ಕಂಪಿಸುತ್ತಿದ್ದು ಇನ್ನೊಂದು 444 ಸಲ ಕಂಪಿಸುತ್ತಿದ್ದರೆ, ಎರಡರ ಅಲೆಗಳು ಸೆಕೆಂಡಿಗೆ ನಾಲ್ಕು ಬಾರಿ ಕೂಡಿ ಬಲವಾಗುತ್ತವೆ, ನಾಲ್ಕು ಬಾರಿ ಎದುರುಬಿದ್ದು ಸೋಲುತ್ತವೆ. ಕಿವಿಗೆ ಬರುವುದು ನಾಲ್ಕು ಏರಿಳಿತಗಳ ಒಂದೇ ದನಿ. ಟ್ರೆಮೊಲೊ ಪೆಡಲನ್ನು ಸೆಕೆಂಡಿಗೆ ನಾಲ್ಕಕ್ಕೆ ಇಟ್ಟರೆ ಸಿಗುವ ಏರಿಳಿತವೂ ಅದೇ. ದೇವಸ್ಥಾನದ ಜೋಡಿ ನಾಗಸ್ವರದಲ್ಲಿ, ಉತ್ತರ ಕರ್ನಾಟಕದ ಕರಡಿ ಮಜಲಿನ ಸನಾದಿಗಳಲ್ಲಿ, ತಂಬೂರಿಯ ನಡುವಿನ ಎರಡು ಷಡ್ಜದ ತಂತಿಗಳಲ್ಲಿ ಇದೇ ಮಿಡಿತವಿದೆ. ತಂಬೂರಿ ಜೀವ ತಳೆದಿದೆ ಎಂದು ನಾವು ಹೇಳುವಾಗ ಕಿವಿ ಗುರುತಿಸುತ್ತಿರುವುದರಲ್ಲಿ ಈ ಮಿಡಿತದ ಪಾಲು ಸಣ್ಣದಲ್ಲ. ಕೋಟರ ಸಂಗೀತವನ್ನು ದೀರ್ಘಕಾಲ ಅಭ್ಯಸಿಸಿ 2005ರಲ್ಲಿ ‘ದ ಬ್ಲ್ಯಾಕ್ ಕೌಸ್ ಫುಟ್‌ಪ್ರಿಂಟ್’ ಎಂಬ ಪುಸ್ತಕ ಬರೆದ ರಿಚರ್ಡ್ ವುಲ್ಫ್, ಕೊಳ್‌ನ ರಾಗಕ್ಕೂ ಚರ್ಮವಾದ್ಯದ ಬಡಿತಕ್ಕೂ ಇರುವ ನಂಟನ್ನು ಲಂಗರಿಗೆ ಹೋಲಿಸುತ್ತಾನೆ. ರಾಗ ಪ್ರತಿ ಹೆಜ್ಜೆಯಲ್ಲೂ ಬಡಿತದ ಜತೆ ಕೂಡಿ ನಡೆಯುವುದಿಲ್ಲ. ಕೆಲವು ಗೊತ್ತಾದ ಜಾಗಗಳಲ್ಲಿ ಬಂದು ಸೇರುತ್ತದೆ, ನಡುವೆ ಹಿಗ್ಗುತ್ತದೆ, ಕುಗ್ಗುತ್ತದೆ. ಎರಡು ಅಲೆಗಳು ಒಂದರೊಳಗೊಂದು ಹರಿದು ಆಗಾಗ ಭೇಟಿಯಾಗುವ ಈ ರೀತಿಯನ್ನು ನೆನಪಿಟ್ಟುಕೊಂಡರೆ ಪೆಡಲಿನ ಬಳಕೆ ಅರ್ಥವಾಗುವುದು ಸುಲಭ.

ಎರಡನೆಯ ಸಾಕ್ಷಿ ಮಡಕೆಯ ಬಾಯಿ. ಕರಾವಳಿಯ ಹಾಲಕ್ಕಿ ಒಕ್ಕಲಿಗರು ಮತ್ತು ಕುಡುಬಿಯರು ನುಡಿಸುವ ಗುಮಟೆ ಮಣ್ಣಿನ ಗಡಿಗೆಯ ಒಂದು ಬಾಯಿಗೆ ಚರ್ಮ ಬಿಗಿದು ಇನ್ನೊಂದನ್ನು ತೆರೆದೇ ಬಿಟ್ಟ ವಾದ್ಯ. ಒಂದು ಕೈ ಚರ್ಮವನ್ನು ಬಡಿಯುತ್ತಿರುವಾಗ ಇನ್ನೊಂದು ಕೈ ತೆರೆದ ಬಾಯಿಯನ್ನು ಮುಚ್ಚಿ ತೆರೆಯುತ್ತದೆ, ದನಿ ಹೊರಚಿಮ್ಮಿ ಮತ್ತೆ ಒಳಸೇರುತ್ತದೆ. ಘಟ ನುಡಿಸುವವರು ಇದನ್ನೇ ಹೊಟ್ಟೆಯಿಂದ ಮಾಡುತ್ತಾರೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ವೈಬ್ರಾಫೋನ್ ಎಂಬ ಲೋಹದ ಪಟ್ಟಿಗಳ ವಾದ್ಯದಲ್ಲಿ ಪ್ರತಿ ಪಟ್ಟಿಯ ಕೆಳಗೂ ಒಂದು ಕೊಳವೆಯಿದೆ, ಕೊಳವೆಯ ಬಾಯಲ್ಲಿ ಒಂದು ಬಿಲ್ಲೆ. ಮೋಟರು ಆ ಬಿಲ್ಲೆಗಳನ್ನು ತಿರುಗಿಸಿದಂತೆ ಬಾಯಿ ಮುಚ್ಚುತ್ತದೆ, ತೆರೆಯುತ್ತದೆ. ಗುಮಟೆಯವರ ಎಡಗೈಯನ್ನು ಮೋಟರಿಗೆ ಒಪ್ಪಿಸಿದಂತೆ ಇದು. ಯಾರೂ ಯಾರಿಂದಲೂ ಕಲಿತದ್ದಲ್ಲ. ದನಿಯನ್ನು ಹಿಡಿದು ಬಿಡುವ ಆಸೆ ಎರಡು ಕಡೆಯೂ ಇತ್ತು, ಒಂದು ಕಡೆ ಕೈ ಇತ್ತು, ಇನ್ನೊಂದು ಕಡೆ ಮೋಟರು.

ಮೂರನೆಯದು ತಿದಿ, ಪೆಡಲಿಗೆ ಎಲ್ಲಕ್ಕಿಂತ ಹತ್ತಿರದ ಸಾಕ್ಷಿ. ಯೂರೋಪಿನ ಚರ್ಚುಗಳ ದೊಡ್ಡ ಆರ್ಗನ್ನುಗಳು ತಿದಿಯ ಗಾಳಿಯಿಂದ ನುಡಿಯುವಂಥವು. ಗಾಳಿ ಸಮನಾಗಿ ಬರಲೆಂದು ಕಟ್ಟುವವರು ಪಟ್ಟ ಪಾಡು ಅಷ್ಟಿಷ್ಟಲ್ಲ, ಗಾಳಿ ನಡುಗಿದರೆ ಹಾಡು ನಡುಗುತ್ತಿತ್ತು. ಹಾಗಿದ್ದೂ 16ನೆಯ ಶತಮಾನದಲ್ಲೇ ಅವರು ಗಾಳಿಯ ದಾರಿಯಲ್ಲಿ ಬೇಕೆಂದೇ ಅದುರುವ ಒಂದು ಕವಾಟವನ್ನು ಇಟ್ಟರು, ಟ್ರೆಮುಲಂಟ್ ಎಂದು ಅದರ ಹೆಸರು. ದೋಷವಾಗಿದ್ದದ್ದು ಒಂದು ಗುಂಡಿಯ ಹಿಡಿತಕ್ಕೆ ಬಂದ ಮೇಲೆ ಅಲಂಕಾರವಾಯಿತು. ಪ್ಯಾರಿಸ್ಸಿನ ಅಲೆಗ್ಸಾಂಡ್ರ್ ದೆಬೈನ್ 1842ರಲ್ಲಿ ಪೇಟೆಂಟ್ ಪಡೆದ ಹಾರ್ಮೋನಿಯಂ ಇನ್ನೂ ಮುಂದೆ ಹೋಯಿತು. ಅದರಲ್ಲಿ ಎಕ್ಸ್‌ಪ್ರೆಷನ್ ಎಂಬ ಗುಂಡಿ ಎಳೆದರೆ ಗಾಳಿ ನಡುವಿನ ಉಗ್ರಾಣವನ್ನು ಬಿಟ್ಟು ಕಾಲಡಿಯ ತಿದಿಯಿಂದ ನೇರವಾಗಿ ನಾಲಗೆಗಳಿಗೆ ಹೋಗುತ್ತದೆ, ಪಾದ ಒತ್ತಿದಷ್ಟು ದನಿ, ಪಾದ ಸಡಿಲಿಸಿದಷ್ಟು ಮೌನ. ದನಿಯ ಬಲವನ್ನು ಪಾದಕ್ಕೆ ಒಪ್ಪಿಸುವ ಯೋಚನೆ ಗಿಟಾರಿನ ಪೆಡಲಿಗಿಂತ ನೂರು ವರ್ಷ ಹಿಂದಿನದು. ಅದು ನಮ್ಮ ಕಡೆಗೂ ಬಂತು. ಗುಬ್ಬಿ ಕಂಪನಿಯಿಂದ ಹಿಡಿದು ಊರೂರು ಸುತ್ತಿದ ನಾಟಕ ಕಂಪನಿಗಳಲ್ಲಿ ಲೆಗ್ ಹಾರ್ಮೋನಿಯಂ ಇಲ್ಲದೆ ರಂಗವೇರುತ್ತಿರಲಿಲ್ಲ. ಮೇಷ್ಟರ ಬೆರಳು ಮಟ್ಟು ನುಡಿಸುತ್ತಿದ್ದರೆ ಅವರ ಎರಡು ಪಾದಗಳು ನಟನ ಮಾತಿನ ಬಿಸಿಯನ್ನು ಏರಿಸಿ ಇಳಿಸುತ್ತಿದ್ದವು. ರಂಗಸಂಗೀತದ ಆರ್. ಪರಮಶಿವನ್ ಅವರ ವಾದ್ಯವೂ ಅದೇ. ದ್ವಾರಕಾನಾಥ ಘೋಷರು ಕೊಲ್ಕತ್ತೆಯಲ್ಲಿ ನೆಲದ ಮೇಲೆ ಕೂತು ನುಡಿಸಲು ಒಗ್ಗಿಸಿದ ಪೆಟ್ಟಿಗೆಯಲ್ಲಿ ಪಾದದ ಕೆಲಸ ಎಡಗೈಗೆ ಬಂತು, ಆದರೂ ಹಲವು ಪೆಟ್ಟಿಗೆಗಳ ಮುಂದಿನ ಸಾಲಿನಲ್ಲಿ ಟ್ರೆಮೊಲೊ ಎಂಬ ಗುಂಡಿ ಉಳಿದುಕೊಂಡಿತು. ಎಳೆದರೆ ಒಳಗೆ ಸಣ್ಣ ಕವಾಟವೊಂದು ಪಟಪಟ ಬಡಿದುಕೊಂಡು ದನಿ ಅಲೆಯಾಗುತ್ತದೆ. ಎಲೆಕ್ಟ್ರಿಕ್ ಗಿಟಾರನ್ನು ಕಣ್ಣಿಂದ ಕಾಣದ ಹಳ್ಳಿಯ ಭಜನಾ ಮಂದಿರದಲ್ಲೂ ಟ್ರೆಮೊಲೊ ಎಂಬ ಗುಂಡಿ ಇರುವುದುಂಟು, ಅದನ್ನು ಯಾರೂ ಹೊರಗಿನದೆಂದು ಎಣಿಸಲಿಲ್ಲ.

ಹಾರ್ಮೋನಿಯಂ ಕತೆಯಲ್ಲೇ ನಮ್ಮ ವಾದಕ್ಕೆ ಬರುವ ಅತಿ ಗಟ್ಟಿ ಆಕ್ಷೇಪವೂ ಇದೆ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮನ್ನು ತನ್ನ ಸ್ಟುಡಿಯೊಗಳಿಂದ ಹೊರಗಿಟ್ಟಿತು, ಮೂರು ದಶಕ ಆ ಬಹಿಷ್ಕಾರ ನಡೆಯಿತು. ಕಾರಣವಾಗಿ ಹೇಳಿದ್ದು ಅದರ ಸ್ವರಗಳು ಕಟ್ಟಿಹಾಕಿದಂಥವು, ಒಂದರಿಂದ ಇನ್ನೊಂದಕ್ಕೆ ಜಾರಲಾರವು, ಗಮಕ ಅದರಿಂದಾಗದು ಎಂದು. ಆ ಮಾತು ಸುಳ್ಳಲ್ಲ. ಆದರೆ ಧಾರವಾಡದಲ್ಲಿ, ಗದುಗಿನ ಪಂಚಾಕ್ಷರಿ ಗವಾಯಿಗಳ ಪುಣ್ಯಾಶ್ರಮದಲ್ಲಿ, ನಾಟಕದ ಕಂಪನಿಗಳಲ್ಲಿ ಆ ಮೂವತ್ತು ವರ್ಷವೂ ಹಾರ್ಮೋನಿಯಂ ನುಡಿಯುತ್ತಲೇ ಇತ್ತು. ಶ್ರುತಿ ಬಗ್ಗಿಸಲಾರದ ವಾದ್ಯವನ್ನು ಅಷ್ಟು ಕಿವಿಗಳು ಬಿಟ್ಟುಕೊಡದಿದ್ದುದಕ್ಕೆ ಅದು ಸುಲಭವಾಗಿ ಸಿಗುತ್ತದೆ ಎಂಬುದಷ್ಟೇ ಕಾರಣವಲ್ಲ. ಅದಕ್ಕೆ ಉಸಿರಿತ್ತು, ಗಾಯಕ ಉಸಿರೆಳೆದಾಗ ತಿದಿಯೂ ಎಳೆಯುತ್ತಿತ್ತು. ಬಹಿಷ್ಕಾರ ಹಾಕಿದವರು ವಾದ್ಯವನ್ನು ಸ್ವರವೊಂದರಿಂದಲೇ ತೂಗಿದರು, ಬಲದ ಏರಿಳಿತಕ್ಕೆ ಅವರ ತಕ್ಕಡಿಯಲ್ಲಿ ಬಟ್ಟೇ ಇರಲಿಲ್ಲ. ಟ್ರೆಮೊಲೊವನ್ನು ಗಮಕದಿಂದ ತೂಗುವವರು ಮಾಡುತ್ತಿರುವುದೂ ಅದೇ ತಪ್ಪು.

ತಿದಿಯಿಂದ ಪೆಡಲಿಗೆ ಬರಲು ನಡುವೆ ವಿದ್ಯುತ್ತು ಬೇಕು, ಅದರ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ನೀಲಗಿರಿಯ ಬೆಟ್ಟದ್ದೇ. ಮೈಸೂರು ಸಂಸ್ಥಾನ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದು ಸೆಕೆಂಡಿಗೆ 25 ಆವರ್ತನೆಗಳ ವಿದ್ಯುತ್ತು. ಅಷ್ಟು ನಿಧಾನದ ಆವರ್ತನೆಯಲ್ಲಿ ದೀಪದ ಬೆಳಕು ಸಣ್ಣಗೆ ಮಿಡಿಯುವುದು ಕಣ್ಣಿಗೇ ತಿಳಿಯುತ್ತದೆ. ಮೂರು ದಶಕದ ಮೇಲೆ, 1932ರಲ್ಲಿ, ಉದಕಮಂಡಲದಿಂದ ಗೂಡಲೂರಿಗೆ ಇಳಿಯುವ ದಾರಿಯ ಪೈಕಾರ ಹೊಳೆಯ ನೀರನ್ನು ಮಸಿನಗುಡಿಯ ಬಳಿಯ ಸಿಂಗಾರದವರೆಗೆ 3,000 ಅಡಿಗೂ ಹೆಚ್ಚು ಎತ್ತರದಿಂದ ಕೊಳವೆಗಳಲ್ಲಿ ಧುಮುಕಿಸಿ ವಿದ್ಯುತ್ತು ತೆಗೆದರು. ಕೊಯಮತ್ತೂರಿನ ಗಿರಣಿಗಳು ತಿರುಗಿದ್ದು ಆ ನೀರಿನ ಬಲದಿಂದ. ಈ ವಿದ್ಯುತ್ತಿನ ಸ್ವಭಾವವೇ ಏರಿಳಿತ, ಒಂದು ಕಡೆ ಏರಿ, ಸೊನ್ನೆಗೆ ಇಳಿದು, ಮತ್ತೊಂದು ಕಡೆ ಏರುವುದು. ವಾಲ್ವ್ ರೇಡಿಯೊ ಅಥವಾ ಆಂಪ್ಲಿಫೈಯರಿನಲ್ಲಿ ಅದನ್ನು ಸರಿಯಾಗಿ ಸೋಸದಿದ್ದರೆ ಗುಂಯ್ ಎಂಬ ಸದ್ದಾಗಿ ಕೇಳಿಸುತ್ತದೆ. ಆ ಸದ್ದನ್ನು ಹೊರಹಾಕಲು ಎಂಜಿನಿಯರುಗಳು ಆರ್ಗನ್ ಕಟ್ಟುವವರಷ್ಟೇ ಹೆಣಗಿದರು, ಮತ್ತು ಅವರ ಹಾಗೇ, ಹೊರಹಾಕಿದ ಏರಿಳಿತವನ್ನು ವೇಗ ತಗ್ಗಿಸಿ, ಹಿಡಿತಕ್ಕೆ ತಂದು, ಗುಂಡಿಯ ಕೆಳಗೆ ವಾಪಸ್ಸು ತಂದರು.

ಗಿಟಾರಿಗೆ ಅದನ್ನು ಮೊದಲು ತಂದದ್ದು ಅಮೆರಿಕದ ಟೊಲಿಡೊ ಊರಿನ ರೋ ಇಂಡಸ್ಟ್ರೀಸ್, 1940ರ ದಶಕದಲ್ಲಿ, ಡಿಆರ್ಮಂಡ್ ಟ್ರೆಮೊಲೊ ಕಂಟ್ರೋಲ್ ಎಂಬ ಲೋಹದ ಪೆಟ್ಟಿಗೆಯಾಗಿ. ಅದರೊಳಗಿನ ಕೆಲಸ ಕುಲುಮೆಯವರಿಗೂ ಕುಂಬಾರರಿಗೂ ಕೂಡಲೇ ಅರ್ಥವಾಗುವಂಥದು. ವಿದ್ಯುತ್ತನ್ನು ಹಾಯಿಸುವ ದ್ರವ ತುಂಬಿದ ಸಣ್ಣ ಡಬ್ಬಿಯೊಂದನ್ನು ಮೋಟರು ಅಲ್ಲಾಡಿಸುತ್ತದೆ. ದ್ರವ ತುಳುಕಿ ಒಳಗಿನ ತಂತಿಯನ್ನು ಮುಟ್ಟಿದಾಗ ಗಿಟಾರಿನ ದನಿಯ ಒಂದು ಪಾಲು ನೆಲಕ್ಕೆ ಸೋರಿಹೋಗುತ್ತದೆ, ದನಿ ಕುಗ್ಗುತ್ತದೆ. ದ್ರವ ಹಿಂದೆ ಸರಿದಾಗ ದನಿ ತುಂಬಿಬರುತ್ತದೆ. ದ್ರವ ಆರಿದರೆ ಮತ್ತೆ ತುಂಬಬೇಕು. ನೀರು ತುಳುಕುವ ರೀತಿಯೇ ಅಲೆಯ ರೀತಿಯಾದ್ದರಿಂದ ಅದರ ದನಿಗೆ ಆಮೇಲಿನ ಯಾವ ಯಂತ್ರಕ್ಕೂ ಸಿಗದ ಒಂದು ಮೃದುತ್ವವಿದೆ. ಆಮೇಲೆ ಮೋಟರೂ ಹೋಯಿತು. ಫೆಂಡರ್ ಕಂಪನಿಯ 1955ರ ಟ್ರೆಮೊಲಕ್ಸ್ ಆಂಪ್ಲಿಫೈಯರಿನಲ್ಲಿ ವಾಲ್ವುಗಳೇ ನಿಧಾನದ ಅಲೆಯೊಂದನ್ನು ಹುಟ್ಟಿಸುವಂತೆ ಮಾಡಿದರು. 1960ರ ದಶಕದಲ್ಲಿ ಒಂದು ಸಣ್ಣ ಕತ್ತಲೆಯ ಗೂಡಿನಲ್ಲಿ ನಿಯಾನ್ ದೀಪವನ್ನೂ ಬೆಳಕಿಗೆ ಸ್ಪಂದಿಸುವ ರೋಧಕವನ್ನೂ ಎದುರುಬದುರು ಕೂರಿಸಿದರು. ದೀಪ ಮಿನುಗಿದಂತೆ ದನಿ ಮಿನುಗುತ್ತದೆ. ಶಿವನಸಮುದ್ರದ ಕಾಲದ ದೀಪಗಳಲ್ಲಿ ಅಡಚಣೆಯಾಗಿದ್ದ ಮಿಡಿತ ಇಲ್ಲಿ ಕಸುಬಾಯಿತು. ಆಮೇಲೆ ಟ್ರಾನ್ಸಿಸ್ಟರು ಬಂದು, 9 ವೋಲ್ಟಿನ ಬ್ಯಾಟರಿ ಬಂದು, ಅದೆಲ್ಲ ಅಂಗೈಯಗಲದ ಪೆಡಲಿನಲ್ಲಿ ಅಡಗಿತು.

ಈ ಸಾಧನ ಲಯದ್ದೆಂಬುದಕ್ಕೆ ಗಿಟಾರಿನ ಲೋಕದ್ದೇ ಆದ ಸಾಕ್ಷಿ 1955ರ ಒಂದು ಧ್ವನಿಮುದ್ರಿಕೆ. ಶಿಕಾಗೊದ ಬೊ ಡಿಡ್ಲಿ ತನ್ನ ಹೆಸರಿನದೇ ಹಾಡಿನಲ್ಲಿ ಗಿಟಾರನ್ನು ರಾಗಕ್ಕಾಗಿ ನುಡಿಸಲೇ ಇಲ್ಲ. ಇಡೀ ಹಾಡು ಹೆಚ್ಚುಕಡಿಮೆ ಒಂದೇ ಸ್ವರಗುಂಪಿನ ಮೇಲೆ ನಿಂತಿದೆ, ಕೇಳುವವರನ್ನು ಹಿಡಿದಿಡುವುದು ಕೈಯ ಬೀಸು ಮತ್ತು ಅದರೊಳಗೆ ಓಡುವ ಟ್ರೆಮೊಲೊದ ಅಲೆ, ಪಕ್ಕದಲ್ಲಿ ಗಿಲಕಿಗಳ ಸದ್ದು. ಗಿಟಾರು ಅಲ್ಲಿ ತಮಟೆಯಾಗಿದೆ. ಇದನ್ನು ನಮ್ಮ ಲೆಕ್ಕಕ್ಕೆ ತಂದು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ನಿಮಿಷಕ್ಕೆ 60 ಅಕ್ಷರಗಳ ಕಾಲಪ್ರಮಾಣದಲ್ಲಿ ತಾಳ ಹಾಕುತ್ತಿದ್ದೇವೆಂದುಕೊಳ್ಳೋಣ. ತಿಶ್ರ ನಡೆಗೆ ಸೆಕೆಂಡಿಗೆ ಮೂರು ಮಾತ್ರೆ, ಚತುರಶ್ರಕ್ಕೆ ನಾಲ್ಕು, ಖಂಡಕ್ಕೆ ಐದು, ಮಿಶ್ರಕ್ಕೆ ಏಳು, ಸಂಕೀರ್ಣಕ್ಕೆ ಒಂಬತ್ತು. ಟ್ರೆಮೊಲೊ ಪೆಡಲಿನ ವೇಗದ ವ್ಯಾಪ್ತಿ ಎರಡರಿಂದ ಹತ್ತು. ಐದಕ್ಕೆ ಐದು ನಡೆಗಳೂ ಒಂದೇ ಗುಂಡಿಯ ಸುತ್ತಿನೊಳಗೆ ಕೂರುತ್ತವೆ. ಸೆಕೆಂಡಿಗೆ ಹತ್ತನ್ನು ದಾಟಿ ಇನ್ನಷ್ಟು ಹೋದರೆ ಕಿವಿ ಒಂದೊಂದೇ ಪೆಟ್ಟನ್ನು ಎಣಿಸಲಾರದು, ಅದು ಬರೀ ಒರಟುತನವಾಗಿ ಕೇಳುತ್ತದೆ. ಎರಡಕ್ಕಿಂತ ಬಹಳ ಕೆಳಗಿಳಿದರೆ ಅಲೆ ಎನಿಸದೆ ದನಿ ಬಂದು ಹೋದಂತಾಗುತ್ತದೆ. ಮನುಷ್ಯನ ಕಿವಿ ಲಯವೆಂದು ಹಿಡಿಯಬಲ್ಲ ಎಲ್ಲೆಯೇ ಪೆಡಲ್ ಮಾಡಿದವರು ಇಟ್ಟುಕೊಂಡ ಎಲ್ಲೆ.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಜೋಡಿ ಕೊಳ್‌ಗಳ ಮಿಡಿತ ಇಬ್ಬರ ನಡುವಿನ ಅಂತರದಿಂದ ಹುಟ್ಟುತ್ತದೆ. ಒಬ್ಬನ ಉಸಿರು ಸೋತರೆ ಮಿಡಿತ ಬದಲಾಗುತ್ತದೆ, ಇಬ್ಬರೂ ಹುರುಪಾದರೆ ಇನ್ನೊಂದು ಥರ ಆಗುತ್ತದೆ. ಪೆಡಲಿನ ಅಲೆ ಯಾರನ್ನೂ ಕೇಳುವುದಿಲ್ಲ, ಗಿಟಾರು ಸುಮ್ಮನಿದ್ದಾಗಲೂ ಒಳಗೆ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಇದು ನಿಜ, ಈ ಮಟ್ಟಿಗೆ ಪೆಡಲ್ ಕೊಳ್‌ಗಿಂತ ಬಡವ. ಈ ಬಡತನವನ್ನು ಮಾಡಿದವರೂ ಅರಿತಿದ್ದರು. 1960ರ ಸುಮಾರಿನ ಕೆಲವು ಫೆಂಡರ್ ಆಂಪ್ಲಿಫೈಯರುಗಳಲ್ಲಿ ದನಿಯನ್ನು ಮಂದ್ರ, ತಾರ ಎಂದು ಎರಡಾಗಿ ಸೀಳಿ, ಒಂದು ಏರುವಾಗ ಇನ್ನೊಂದು ಇಳಿಯುವಂತೆ ಮಾಡಿದರು. ಅದನ್ನು ಈಗ ಹಾರ್ಮೋನಿಕ್ ಟ್ರೆಮೊಲೊ ಎನ್ನುತ್ತಾರೆ. ಒಂದೇ ವಾದ್ಯದೊಳಗೆ ಇಬ್ಬರು ಉಸಿರು ಬದಲಿಸಿಕೊಂಡಂತೆ ಅದು ಕೇಳುತ್ತದೆ. ಆದರೂ ನಿಜವಾದ ಉತ್ತರ ಯಂತ್ರದಲ್ಲಿಲ್ಲ, ನುಡಿಸುವವರ ಕೈಯಲ್ಲಿದೆ. ಅಲೆ ಕೇಳದಿದ್ದರೆ ಕೈ ಕೇಳಬೇಕು. ಅಲೆಯ ನೆತ್ತಿಯ ಮೇಲೆ ಮೀಟಿದರೆ ಸ್ವರ ಹೊಡೆದಂತೆ ಬರುತ್ತದೆ, ತಗ್ಗಿನಲ್ಲಿ ಮೀಟಿದರೆ ಮೀಟಿದ ಪೆಟ್ಟು ಅಡಗಿ ಸ್ವರ ತಾನಾಗಿ ಅರಳಿದಂತೆ ಬರುತ್ತದೆ. ಕೊಳ್‌ನ ರಾಗ ಬಡಿತದ ಮೇಲೆ ಲಂಗರು ಹಾಕುವ ಹಾಗೆ, ಗಿಟಾರಿನ ಕೈ ಅಲೆಯ ಮೇಲೆ ಲಂಗರು ಹಾಕಬಹುದು, ನಡುವೆ ಬಿಟ್ಟು ತೇಲಬಹುದು. ಮೃದಂಗದವನ ಜತೆ ನುಡಿಸುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟು: ಈ ಪಕ್ಕವಾದ್ಯ ದಣಿಯುವುದಿಲ್ಲ, ನಿಮ್ಮನ್ನು ನೋಡಿ ನಗುವುದೂ ಇಲ್ಲ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಪೆಡಲಿಗೂ ಕೊಳ್‌ಗೂ ಇರುವುದು ಏರಿಳಿತದ ನೆಂಟಸ್ತಿಕೆ, ವಂಶದ್ದಲ್ಲ. ಕೋಟರ ವಾದ್ಯಕ್ಕೆ ಆ ಬೆಟ್ಟದಲ್ಲಿದ್ದ ಸ್ಥಾನ ಅದರ ದನಿಯಿಂದ ಮಾತ್ರ ಬಂದದ್ದಲ್ಲ. ಒಂದೊಂದು ಬಡಗ ಮನೆತನಕ್ಕೂ ತಲೆಮಾರುಗಳಿಂದ ಗೊತ್ತಾದ ಕೋಟ ಮನೆಯೊಂದಿತ್ತು. ಕತ್ತಿ, ಗುದ್ದಲಿ, ಮಡಕೆ, ಸಾವಿನ ವಾದ್ಯ ಆ ಮನೆಯಿಂದ ಬರುತ್ತಿದ್ದವು, ಧಾನ್ಯ ಈ ಮನೆಯಿಂದ ಹೋಗುತ್ತಿತ್ತು. 1937-38ರಲ್ಲಿ ಕೋಟರ ನಡುವೆ ಅಧ್ಯಯನ ಮಾಡಿದ ಡೇವಿಡ್ ಮ್ಯಾಂಡಲ್‌ಬಾಮ್ 1941ರಲ್ಲಿ ಬರೆದ ಲೇಖನದಲ್ಲಿ ಆ ಕೊಡುಕೊಳೆ ಮುರಿಯುತ್ತಿದ್ದುದನ್ನು ದಾಖಲಿಸಿದ್ದಾನೆ. 1930ರ ದಶಕದಲ್ಲಿ ಬಡಗರೊಳಗೆ ಸುಧಾರಣೆಯ ಮಾತು ಎದ್ದು, ಸಾವಿಗೆ ಕೋಟರ ವಾದ್ಯ ಬೇಕೆನ್ನುವವರು, ಬೇಡವೆನ್ನುವವರು ಎಂದು ಎರಡು ಪಕ್ಷವಾಗಿ, ಜಗಳ ಕೈಮಿಲಾಯಿಸುವವರೆಗೂ ಹೋಯಿತು. ಕೊನೆಗೆ ಬೇಡವೆಂಬುದೇ ಗೆದ್ದಿತು. ಪೈಕಾರದ ವಿದ್ಯುತ್ತು ಬಂದದ್ದೂ ಅದೇ ದಶಕದಲ್ಲಿ, ಆದರೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳುವುದು ಸುಳ್ಳು ಚರಿತ್ರೆಯಾದೀತು. ಬೇಡವೆಂದವರಿಗೆ ಕೊಳ್‌ನ ದನಿ ಕೆಟ್ಟದಾಗಿ ಕೇಳಲಿಲ್ಲ, ಅದನ್ನು ಊದುವವರ ಜತೆಗಿನ ನಂಟು ಕೀಳಾಗಿ ಕಂಡಿತು. ಒಂದು ದನಿ ತನ್ನ ಜನರ ಬದುಕಿನಿಂದ ಹೊರಗೆ ಹೋಗಲು ದನಿಯಲ್ಲಿ ಕುಂದಿರಬೇಕೆಂದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ, ಮತ್ತು ಇದು ನೋವಿನ ಸಂಗತಿ. ಕೋಟರು ತಮ್ಮ ಗುಡಿಯ ಹಬ್ಬಗಳಿಗೆ, ತಮ್ಮವರ ಸಾವಿಗೆ ಕೊಳ್ ಊದುವುದನ್ನು ಬಿಡಲಿಲ್ಲ.

ಎಲೆಕ್ಟ್ರಿಕ್ ಗಿಟಾರು ಕನ್ನಡದ ಕಿವಿಗೆ ಬಂದದ್ದು ಮುಖ್ಯವಾಗಿ ಸಿನಿಮಾದಿಂದ. ಆಗ ಕನ್ನಡದ ಹಾಡುಗಳು ಮುದ್ರಣವಾಗುತ್ತಿದ್ದುದು ಮದರಾಸಿನಲ್ಲಿ. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶರ ವಾದ್ಯವೃಂದದಲ್ಲಿ ಗಿಟಾರು ನುಡಿಸುತ್ತಾ, ಅವರ ಸಹಾಯಕನಾಗಿ ಕೆಲಸ ಕಲಿತ ಇಳಯರಾಜ ಮುಂದೆ ಏನಾದರೆಂದು ಹೇಳಬೇಕಾಗಿಲ್ಲ. ಅದೇ ವೆಂಕಟೇಶರು 1977ರ ಸನಾದಿ ಅಪ್ಪಣ್ಣ ಚಿತ್ರಕ್ಕೆ ಬಿಸ್ಮಿಲ್ಲಾ ಖಾನರ ಶಹನಾಯಿಯನ್ನು ಬಳಸಿದರು. ಜೋಡಿ ಉಸಿರಿನ ಮೇಲೆ ಬೆಳೆದ ವಾದ್ಯವೂ ಆಂಪ್ಲಿಫೈಯರಿನ ಮೇಲೆ ಬೆಳೆದ ವಾದ್ಯವೂ ಒಬ್ಬರೇ ಸಂಯೋಜಕರ ಕೈಯಲ್ಲಿ ಹೊಂದಿಕೊಂಡವು. ಬೆಂಗಳೂರಿನಲ್ಲಿ, ಎಚ್‌ಎಎಲ್‌ನ ಎಂಜಿನಿಯರೂ ಕೊಳಲು ವಾದಕರೂ ಆಗಿದ್ದ ಜಿ. ರಾಜ್‌ನಾರಾಯಣ್ ರಾಡೆಲ್ ಕಂಪನಿ ಕಟ್ಟಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ಕಛೇರಿಗಳಿಗೆ ತಂದಾಗಲೂ ಯಂತ್ರದ ದನಿ ಎಂಬ ಆಕ್ಷೇಪವಿತ್ತು, ಈಗ ಅವಿಲ್ಲದ ಕಛೇರಿ ಕಡಿಮೆ. ಶ್ರುತಿಗೆ ಯಂತ್ರವನ್ನು ಒಪ್ಪಿದ ಮೇಲೆ ಲಯಕ್ಕೆ ಒಪ್ಪುವುದರಲ್ಲಿ ತತ್ವದ ತೊಡಕಿಲ್ಲ, ಅಭ್ಯಾಸದ ತೊಡಕಷ್ಟೆ.

ಆ ಅಭ್ಯಾಸಕ್ಕೆ ಬೇಕಾದ್ದು ಬಹಳವಿಲ್ಲ. ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್ ಇದ್ದರೆ ಟ್ರೆಮೊಲೊ ಅದರ ಆಚೆಗಿರಬೇಕು, ಆಗ ಅಲೆ ಕಡಿದಂತೆ ಸ್ಪಷ್ಟವಾಗಿ ಬರುತ್ತದೆ. ಈಚೆಗಿಟ್ಟರೆ ಏರಿಳಿತದ ಬಹುಪಾಲು ಆ ಒರಟಿನಲ್ಲೇ ಅರೆದುಹೋಗಿ ದನಿಯ ಬಣ್ಣ ಮಾತ್ರ ಬದಲಾಗುತ್ತದೆ, ಕೆಲವು ಹಾಡಿಗೆ ಅದೇ ಚಂದ. ಪೆಡಲ್ ಹಾಕಿದ ಕೂಡಲೇ ದನಿ ಕುಗ್ಗಿದಂತೆ ಕೇಳುವುದು ಕಿವಿಯ ಭ್ರಮೆಯಲ್ಲ, ಅಲೆಯ ತಗ್ಗುಗಳಲ್ಲಿ ಬಲ ನಿಜವಾಗಿಯೂ ಹೋಗಿರುತ್ತದೆ. ಅದನ್ನು ತುಂಬಿಕೊಳ್ಳಲು ಆಂಪ್ಲಿಫೈಯರನ್ನು ಸ್ವಲ್ಪ ಏರಿಸಬೇಕು, ಇಲ್ಲವೇ ಡೆಪ್ತ್ ಇಳಿಸಬೇಕು. ವೇಗಕ್ಕೆ ಈಚಿನ ಕೆಲವು ಪೆಡಲುಗಳಲ್ಲಿ ಪಾದದಿಂದ ಎರಡು ಸಲ ತಟ್ಟಿದರೆ ಸಾಕು, ಯಂತ್ರ ನಡುವಿನ ಅಂತರ ಅಳೆದುಕೊಳ್ಳುತ್ತದೆ. ಹಳೆಯ ಮಾದರಿಗಳಲ್ಲಿ ಅದಿಲ್ಲ, ರೇಟ್ ಗುಂಡಿಯ ಸುತ್ತ ಇಂತಿಷ್ಟು ಅಲೆ ಎಂದು ಬರೆದೂ ಇರುವುದಿಲ್ಲ. ಖಂಡ ನಡೆ ಬೇಕಿದ್ದರೆ ಒಂದು ಕೈ ತೊಡೆಯ ಮೇಲೆ ತಾಳ ಹಾಕುತ್ತಿರಬೇಕು, ಇನ್ನೊಂದು ಕೈ ಗುಂಡಿಯನ್ನು ಎಳ್ಳಷ್ಟು ಎಳ್ಳಷ್ಟೇ ತಿರುಗಿಸುತ್ತಿರಬೇಕು, ಐದು ಅಲೆ ಮುಗಿದು ಆರನೆಯದು ಮುಂದಿನ ಅಕ್ಷರದ ಮೇಲೆಯೇ ಬಂದು ಕೂರುವವರೆಗೆ.